ಮರಳ ದಿಬ್ಬದ ಮೇಲೆ ಉಲ್ಲನ್ ಉಂಡೆ

ಪ್ರವಾಸಕ್ಕೆ ಹೊರಡುವಾಗ ಹೆಣಿಗೆಯ ಚೀಲವನ್ನೂ ಜೊತೆಗೆ ಕಟ್ಟಿಕೊಳ್ಳುವ ಹೆಂಗಸರನ್ನು ಕಂಡರೆ ಮನೆಯ ಉಳಿದವರಿಗೆ ಒಂದು ಬಗೆಯ ಅಸಮಾಧಾನ. ಬುತ್ತಿಯ ಡಬ್ಬಿ, ನೀರಿನ ಕೂಜ, ಛತ್ರಿ ಇವುಗಳಿಗೆ ಯಾರ ಆಕ್ಷೇಪಣೆಯೂ ಇಲ್ಲ. ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಇಟ್ಟುಕೊಂಡರೆ ಮಾತ್ರ, “ನೋಡುವುದಕ್ಕೆ ಬರುತ್ತೀರೋ, ಹೆಣೆಯುವುದಕ್ಕೆ ಬರುತ್ತೀರೋ?” ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ನಾನು ಅನೇಕ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದವಳು ಈ ವಾರ ಉತ್ತರ ಹೇಳಬೇಕೆಂದು ಕುಳಿತಿದ್ದೇನೆ.

ಕೈಗೆಲಸವನ್ನು ದಾರಿಗೆ ಒಯ್ಯುವ ಪದ್ಧತಿ ಉಲ್ಲನ್ನಿನೊಡನೆ ಬಂದದ್ದಲ್ಲ. ನಮ್ಮ ಅಜ್ಜಿಯರು ಯಾತ್ರೆಗೆ ಹೊರಟರೆ ಸೆರಗಿನ ಗಂಟಿನಲ್ಲಿ ಹತ್ತಿ ಇರುತ್ತಿತ್ತು. ರೈಲು ಮುಂದಿನ ನಿಲ್ದಾಣ ಸೇರುವಷ್ಟರಲ್ಲಿ ಮಡಿಲ ತುಂಬ ಹೂಬತ್ತಿ. ನಮ್ಮ ಕುರುಬರು ಕುರಿಯ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ಕಂಬಳಿಯ ನೂಲು ತೆಗೆಯುತ್ತಿದ್ದರು. ಅವರು ಮಂದೆಯ ಒಂದು ಮರಿಯನ್ನೂ ಕಣ್ಣಿನಿಂದ ತಪ್ಪಿಸಿಕೊಂಡವರಲ್ಲ. ಕೈ ತನ್ನ ಕೆಲಸವನ್ನು ಕಲಿತುಕೊಂಡ ಮೇಲೆ ಕಣ್ಣಿಗೆ ಬಿಡುವು ಸಿಗುತ್ತದೆ ಎಂಬುದು ಅವರೆಲ್ಲರೂ ಬಲ್ಲ ಸಂಗತಿ.

ಇನ್ನು ನನ್ನ ಕಥೆ. ಕಳೆದ ಮಾರ್ಗಶಿರದ ಒಂದು ಭಾನುವಾರ ನನ್ನ ಅಕ್ಕನ ಮಗಳು, ಅವಳ ಗಂಡ, ಏಳು ವರ್ಷದ ಅವರ ಪುಟ್ಟ, ನಾನು, ಇಷ್ಟು ಮಂದಿ ತಲಕಾಡಿಗೆ ಹೊರಟೆವು. ಮರಳುಗಾಡನ್ನು ನೋಡಬೇಕೆಂದು ಪುಟ್ಟ ಹಟ ಹಿಡಿದಿದ್ದ. ಮೈಸೂರಿನವರಿಗೆ ಆ ಆಸೆ ಹುಟ್ಟಿದರೆ ಜೈಸಲ್ಮೇರಿನವರೆಗೆ ಹೋಗಬೇಕಾಗಿಲ್ಲ. ಸುಮಾರು 45 ಕಿಲೋಮೀಟರು ದೂರದಲ್ಲೇ ಮರಳಿನ ದಿಬ್ಬಗಳು ಕಾದಿವೆ. ಪಕ್ಕದಲ್ಲೇ ಕಾವೇರಿ ಹರಿಯುತ್ತಿರುವುದರಿಂದ ಅದು ಶಾಸ್ತ್ರಕ್ಕೆ ಸಲ್ಲುವ ಮರುಭೂಮಿಯಲ್ಲ ನಿಜ. ಆದರೆ ನಡುಹಗಲಲ್ಲಿ ಬರಿಗಾಲಿನಿಂದ ಆ ದಿಬ್ಬವನ್ನು ಹತ್ತಿದವರು ಶಾಸ್ತ್ರವನ್ನು ಕೇಳುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಅಕ್ಕನ ಮಗಳು ಒಂದು ಬಟ್ಟೆಯ ಚೀಲವನ್ನು ತಂದು ನನ್ನ ಮುಂದಿಟ್ಟಳು. “ಅಮ್ಮನದು. ನೀವೇ ತೆಗೆದು ನೋಡಿ ಚಿಕ್ಕಮ್ಮ. ನನ್ನಿಂದ ಆಗಲಿಲ್ಲ,” ಎಂದಳು. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಚೀಲದೊಳಗೆ ನವಿಲುಗೊರಳಿನ ನೀಲಿಯ ಒಂದು ಸ್ವೆಟರು ಬಿಡಿಬಿಡಿಯಾಗಿತ್ತು. ಬೆನ್ನು ಮುಗಿದಿತ್ತು, ಎದೆ ಮುಗಿದಿತ್ತು, ಬಲತೋಳು ಮುಗಿದಿತ್ತು. ಎಡತೋಳು ಮೊಣಕೈಯವರೆಗೆ ಬಂದು ಕಡ್ಡಿಯ ಮೇಲೆಯೇ ನಿಂತಿತ್ತು. ಒಂದು ಉಂಡೆ ಉಲ್ಲನ್ ಉಳಿದಿತ್ತು. ನಾಲ್ಕು ವರ್ಷದ ಮೊಮ್ಮಗನ ಅಳತೆಗೆಂದು ತೊಡಗಿದ ಕೆಲಸ. ಆ ಮೊಮ್ಮಗ ಈಗ ಎರಡನೆಯ ತರಗತಿಯಲ್ಲಿ ಓದುತ್ತಿದ್ದಾನೆ.

ಹೆಣಿಗೆ ಬಲ್ಲವರಿಗೆ ನನ್ನ ತೊಡಕು ಕೂಡಲೇ ಅರ್ಥವಾಗುತ್ತದೆ. ಹಾಗೆಯೇ ಮುಗಿಸಿದರೆ ಅದು ಪುಟ್ಟನಿಗೆ ಆಗದು. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಹೆಣೆದರೆ ಅವನಿಗೆ ಆಗಬಹುದು, ಆದರೆ ಅಕ್ಕನ ಕೈಯ ಒಂದು ಸಾಲೂ ಉಳಿಯದು. ಅದೇ ಬಣ್ಣದ ಉಲ್ಲನ್ ಇನ್ನಷ್ಟು ತರೋಣವೆಂದರೆ, ಒಂದು ಪಾಕದಲ್ಲಿ ಅದ್ದಿದ ಬಣ್ಣ ಮತ್ತೊಂದು ಪಾಕದಲ್ಲಿ ಬರುವುದಿಲ್ಲ. ಮೂರು ವರ್ಷದ ನಂತರ ಅಂಗಡಿಯವನು ಕೊಡುವ ನೀಲಿ ಎಷ್ಟು ಹತ್ತಿರವಾದರೂ ಬಿಸಿಲಿನಲ್ಲಿ ಹಿಡಿದರೆ ಬೇರೆಯೇ. ಬಿಚ್ಚುವುದೇ ಸರಿಯೆಂದು ಮನಸ್ಸಿನಲ್ಲೇ ನಿಶ್ಚಯಿಸಿದೆ. ಅವಳಿಗೆ ಹೇಳಲಿಲ್ಲ. ಚೀಲವನ್ನು ಕಾರಿನಲ್ಲಿಟ್ಟೆ.

ತಿರುಮಕೂಡಲು ನರಸೀಪುರದಲ್ಲಿ ಕಬಿನಿ ಬಂದು ಕಾವೇರಿಯನ್ನು ಕೂಡುವ ಸ್ಥಳವನ್ನು ನೋಡಿಕೊಂಡು ಮುಂದೆ ಸಾಗಿದೆವು. ದಾರಿಯಲ್ಲಿ ಕುರಿಯ ಮಂದೆಯೊಂದು ಅಡ್ಡವಾಯಿತು. “ಅಜ್ಜಿ, ನಿನ್ನ ಉಲ್ಲನ್ ಇದರಿಂದಲೇ ಬಂತೇ?” ಎಂದು ಪುಟ್ಟ ಕೇಳಿದ. ಇಲ್ಲವಪ್ಪ ಎಂದೆ. ಈ ಸೀಮೆಯ ಬನ್ನೂರು ಕುರಿಗೆ ಹೆಸರು ಬಂದಿರುವುದು ಮಾಂಸದಿಂದ. ಅದರ ಮೈಯ ಒರಟು ಕೂದಲು ಎಳೆಯ ಮಕ್ಕಳ ಸ್ವೆಟರಿಗೆ ಒದಗುವಂಥದಲ್ಲ. ಈ ಕಡೆಯ ನಯವಾದ ನೂಲೆಂದರೆ ರೇಷ್ಮೆಯೇ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಗೆ ನೂಲು ಒದಗಿಸುವ ಊರುಗಳಲ್ಲಿ ಈ ನರಸೀಪುರವೂ ಒಂದು. ಉಣ್ಣೆಯೇ ಬೇಕಾದರೆ ನಿಜವಾದ ಮರುಭೂಮಿಗೇ ಹೋಗಬೇಕು. ಥಾರ್ ಮರುಭೂಮಿಯ ಬಿಕಾನೇರಿನಲ್ಲಿ ನಡೆಯುವ ಉಣ್ಣೆಯ ವ್ಯಾಪಾರ ದೇಶದಲ್ಲೆಲ್ಲ ಪ್ರಸಿದ್ಧ. ಅಲ್ಲಿ ಹಗಲು ಮೈಯನ್ನು ಸುಡುವ ಮರಳು, ಒಣಗಾಳಿಯ ತಿಳಿಯಾಕಾಶದ ಕೆಳಗೆ ಕಾವನ್ನೆಲ್ಲ ಬಿಟ್ಟುಕೊಟ್ಟು, ಚಳಿಗಾಲದ ರಾತ್ರಿ ಕೊರೆಯುತ್ತದೆ. ಮರಳಿಗೂ ಉಣ್ಣೆಗೂ ನಂಟಿಲ್ಲವೆಂದು ನಗುವವರು ಅಲ್ಲಿ ಒಂದು ರಾತ್ರಿ ಕಳೆದು ಬರಲಿ.

ತಲಕಾಡಿನ ಕಥೆ ಓದುಗರಿಗೆ ಹೊಸದಲ್ಲ. ಗಂಗರ ರಾಜಧಾನಿಯಾಗಿ ಮೆರೆದ ಊರು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರ ಪಾಲಾಯಿತು. ಹೊಯ್ಸಳ ವಿಷ್ಣುವರ್ಧನ ಅವರಿಂದ ಅದನ್ನು ಗೆದ್ದುಕೊಂಡು, 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ, ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನ ಮಡದಿ ಅಲಮೇಲಮ್ಮ ತನ್ನ ಒಡವೆಗಳೊಡನೆ ಕಾವೇರಿಗೆ ಹಾರಿಕೊಂಡಳೆಂದೂ, ಹಾರುವ ಮುನ್ನ ತಲಕಾಡಿಗೆ ಮರಳನ್ನೂ, ಮಾಲಂಗಿಗೆ ಮಡುವನ್ನೂ, ಮೈಸೂರಿನ ಅರಸರಿಗೆ ಸಂತಾನಹೀನತೆಯನ್ನೂ ಶಪಿಸಿದಳೆಂದೂ ಐತಿಹ್ಯ. ಶಪಿಸಿದವಳ ಮೂರ್ತಿಗೇ ಮೈಸೂರಿನ ಅರಮನೆಯಲ್ಲಿ ನವರಾತ್ರಿಯ ಪೂಜೆ ಸಲ್ಲುತ್ತ ಬಂದಿದೆ.

ಶಾಪವನ್ನು ಒಪ್ಪದವರಿಗೂ ಮರಳನ್ನು ಒಪ್ಪದೆ ವಿಧಿಯಿಲ್ಲ. ಮುಂಗಾರಿನ ನೈಋತ್ಯ ಗಾಳಿಗೆ ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಷ್ಟು ಊರಿನ ಮೇಲೆ ಸರಿದು ಬರುತ್ತಿದ್ದುವೆಂದೂ, ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಒಳಗೆ ಹುದುಗಿವೆಯೆಂದೂ ಹಳೆಯ ಗ್ಯಾಸೆಟಿಯರು ಹೇಳುತ್ತದೆ. ನದಿಗೆ ಅಡ್ಡಲಾಗಿ ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಕಟ್ಟೆಯಿಂದ ಪ್ರವಾಹದ ಗತಿ ಬದಲಾಗಿ, ಪಾತ್ರದ ಮರಳು ಬಯಲಾಗಿ, ಗಾಳಿಗೆ ಸಿಕ್ಕಿತೆಂಬುದು ವಿಜ್ಞಾನಿ ಕೆ. ಎನ್. ಗಣೇಶಯ್ಯನವರ ವಾದ. ಮರಳನ್ನು ಹಿಡಿದು ನಿಲ್ಲಿಸಲು ಗಾಳಿಮರ, ನೀಲಗಿರಿ ಮರಗಳನ್ನು ಬೆಳೆಸಿದ್ದಾರೆ. ಪಂಚಲಿಂಗ ದರ್ಶನದ ಯೋಗ ಬಂದಾಗಲೆಲ್ಲ ಹಿಂದಿನವರು ಮರಳನ್ನು ತೋಡಿ ಗುಡಿಗಳನ್ನು ಹೊರಗೆ ತೆಗೆಯುತ್ತಿದ್ದರು. ಗಾಳಿ ಮತ್ತೆ ಮುಚ್ಚುತ್ತಿತ್ತು. ಮುಂದಿನ ಸಲ ಮತ್ತೆ ತೋಡುತ್ತಿದ್ದರು. ಈಚಿನ ದರ್ಶನಗಳು ನಡೆದದ್ದು 2009, 2013, 2020ರಲ್ಲಿ.

ವೈದ್ಯೇಶ್ವರನ ದರ್ಶನ ಮಾಡಿ, ಪಾತಾಳೇಶ್ವರ, ಮರಳೇಶ್ವರರ ಗುಡಿಗಳಿಗೆ ಮೆಟ್ಟಿಲಿಳಿದು ಹತ್ತಿ, ಕೊನೆಗೆ ಹೊಳೆಯ ಕಡೆಯ ಒಂದು ದಿಬ್ಬದ ನೆರಳಿನಲ್ಲಿ ಜಮಖಾನ ಹಾಸಿದೆವು. ಬುತ್ತಿ ಮುಗಿಯಿತು. ನಾನು ಚೀಲ ಬಿಚ್ಚಿದೆ.

“ಚಿಕ್ಕಮ್ಮ, ಇಷ್ಟು ದೂರ ಬಂದು ಇಲ್ಲಿಯೂ ತಲೆ ತಗ್ಗಿಸಿಕೊಂಡು ಕೂರುತ್ತೀರಾ?” ಎಂದಳು ಅಕ್ಕನ ಮಗಳು. ಮಾತಿನಲ್ಲಿ ಸ್ವಲ್ಪ ಕಾವಿತ್ತು. “ಅಮ್ಮನೂ ಹೀಗೆಯೇ. ಊಟಿಗೆ ಹೋದರೂ ಉಲ್ಲನ್, ಬೇಲೂರಿಗೆ ಹೋದರೂ ಉಲ್ಲನ್. ನನ್ನ ಮುಖ ನೋಡಿ ಮಾತನಾಡಲಿ ಎಂದು ಕಾದದ್ದೇ ಬಂತು.”

ನಾನು ತಟ್ಟನೆ ಉತ್ತರ ಕೊಡಲಿಲ್ಲ. ನನ್ನ ಕೈಯಲ್ಲಿ ಕಡ್ಡಿ ಇದ್ದರೂ ಅರ್ಧ ಗಂಟೆಯಿಂದ ನಾನು ನೋಡುತ್ತಿದ್ದದ್ದು ಹೊಳೆಯನ್ನು. ಆಚೆಯ ದಡದ ಹತ್ತಿರ ತೆಪ್ಪವೊಂದು ಮೂರು ಸಲ ಸುತ್ತಿ ನಿಂತದ್ದು, ಗಾಳಿ ಬೀಸಿದಾಗ ಮರಳಿನ ಮೇಲೆ ಉಲ್ಟಾ ಹೆಣಿಗೆಯ ಸಾಲುಗಳಂತೆ ಅಲೆಗಳು ಮೂಡಿದ್ದು, ಅವಳ ಗಂಡ ಫೋನಿನಲ್ಲಿ ಚಿತ್ರ ತೆಗೆಯುತ್ತ ತೆಗೆಯುತ್ತ ಚಪ್ಪಲಿಯನ್ನು ಮರೆತು ಬಂದದ್ದು, ಎಲ್ಲವೂ ನನ್ನ ಕಣ್ಣಿಗೆ ಬಿದ್ದಿತ್ತು. ಬರಿಗೈಯಲ್ಲಿ ಕುಳಿತಿದ್ದರೆ ಹತ್ತು ನಿಮಿಷಕ್ಕೆ ನಾನು “ಹೊರಡೋಣವೇ?” ಎನ್ನುತ್ತಿದ್ದೆ. ಇದು ನನ್ನ ಸಮರ್ಥನೆ. ಆದರೆ ಅವಳ ಮಾತಿಗೆ ಅದು ಉತ್ತರವಾಗಲಿಲ್ಲ. ಹೊಳೆಯನ್ನು ನೋಡುತ್ತ ಹೆಣೆಯಬಹುದು. ಪಕ್ಕದಲ್ಲಿ ಕುಳಿತ ಮಗಳು ತನ್ನ ಮುಖವನ್ನು ನೋಡಲಿ ಎಂದು ಕಾದಿದ್ದಾಗ ಕಡ್ಡಿಯನ್ನು ಕೆಳಗಿಡಬೇಕು. ಅಕ್ಕ ಇಡಲಿಲ್ಲವೇನೋ. ನಾನು ಇಟ್ಟೆ.

ಇಟ್ಟ ಕೂಡಲೇ ಉಂಡೆ ಉರುಳಿತು. ದಿಬ್ಬದ ಇಳಿಜಾರಿನಲ್ಲಿ ನೀಲಿಯ ಗೆರೆ ಎಳೆಯುತ್ತ ಅದು ಓಡಿತು. ಪುಟ್ಟ ಕೇಕೆ ಹಾಕಿ ಅದರ ಹಿಂದೆ ಓಡಿದ. ಮರಳಿನಲ್ಲಿ ಮುಳುಗೇಳಿಸಿಕೊಂಡು ಅವನೂ ಉಂಡೆಯೂ ಮೇಲೆ ಬಂದಾಗ ಇಬ್ಬರ ಬಣ್ಣವೂ ಒಂದೇ. ಸಿಕ್ಕಿದ ಅವಕಾಶವನ್ನು ಬಿಡಬಾರದೆಂದು ಅವನನ್ನು ಹಿಡಿದು ನಿಲ್ಲಿಸಿ, ಮುಗಿದಿದ್ದ ಬಲತೋಳನ್ನು ಅವನ ಕೈಯ ಮೇಲಿಟ್ಟೆ. ಮಣಿಕಟ್ಟಿಗೆ ನಾಲ್ಕು ಬೆರಳು ಸಾಲದು. ಬೆನ್ನಿನ ಭಾಗವನ್ನು ಬೆನ್ನಿಗೆ ಹಿಡಿದೆ. ಉದ್ದ ಒಂದು ಗೇಣು ಕಡಿಮೆ. ಅಗಲವೋ, ಸರಿಯಾಗಿಯೇ ಇತ್ತು! ಮಕ್ಕಳು ಅಗಲಕ್ಕಿಂತ ಉದ್ದಕ್ಕೆ ಬೆಳೆಯುತ್ತಾರೆ. ಅಲ್ಲದೆ ಅಕ್ಕ ಯಾವ ಮಗುವಿಗೆ ಹೆಣೆದರೂ “ಬೆಳೆಯುವ ಮೈ” ಎಂದು ಎರಡು ವರ್ಷ ಮುಂದಿನ ಅಗಲ ಇಡುತ್ತಿದ್ದಳು.

“ಬಿಚ್ಚುತ್ತೀರಾ?” ಎಂದು ಅಕ್ಕನ ಮಗಳು ಕೇಳಿದಳು. ಅವಳು ನನ್ನ ಮನಸ್ಸನ್ನು ಮೊದಲೇ ಊಹಿಸಿದ್ದಿರಬೇಕು. “ಬಿಚ್ಚಬೇಡಿ ಚಿಕ್ಕಮ್ಮ. ಅವನಿಗೆ ಆಗದಿದ್ದರೂ ಬೇಡ.”

ಬಿಚ್ಚಬೇಕಾಗಿಲ್ಲವೆಂದು ನನಗೆ ಆಗಲೇ ಹೊಳೆದದ್ದು. ಹೆಣಿಗೆಯ ಒಂದು ಗುಣವಿದೆ: ಮುಗಿಸಿದ ತುದಿಯಿಂದ ಎಳೆದರೆ ಸರಸರನೆ ಬಿಚ್ಚಿಕೊಳ್ಳುತ್ತದೆ, ಆರಂಭಿಸಿದ ತುದಿಯಿಂದ ಎಳೆದರೆ ಬಿಗಿದುಕೊಳ್ಳುತ್ತದೆ. ಸ್ವೆಟರು ಆರಂಭವಾಗುವುದು ಕೆಳಗಿನ ಅಂಚಿನ ಪಟ್ಟಿಯಿಂದ. ಆ ಪಟ್ಟಿಯ ಮೇಲಿನ ಒಂದು ಸಾಲಿನಲ್ಲಿ ಒಂದೇ ಒಂದು ಎಳೆಯನ್ನು ಕತ್ತರಿಸಿ, ಆ ಎಳೆಯನ್ನು ಕುಣಿಕೆ ಕುಣಿಕೆಯಾಗಿ ಬಿಡಿಸಿಕೊಂಡು ಹೋದರೆ ಪಟ್ಟಿ ಬೇರೆಯಾಗುತ್ತದೆ. ಮೇಲಿನ ಭಾಗದ ಕುಣಿಕೆಗಳು ಬಾಯಿ ತೆರೆದು ನಿಲ್ಲುತ್ತವೆ. ಅವನ್ನು ಕಡ್ಡಿಗೆ ಏರಿಸಿಕೊಂಡು ಕೆಳಮುಖವಾಗಿ ಎಷ್ಟು ಉದ್ದ ಬೇಕಾದರೂ ಹೆಣೆಯಬಹುದು. ತೋಳಿಗೂ ಇದೇ ಉಪಾಯ. ನೀಲಿ ಸಿಕ್ಕದಿದ್ದರೆ ಬೇರೆ ಬಣ್ಣ. ಅಕ್ಕನ ಬೆನ್ನು, ಎದೆ, ತೋಳು ಎಲ್ಲವೂ ಇದ್ದಲ್ಲೇ ಇರುತ್ತವೆ. “ಮರಳಿನ ಬಣ್ಣದ ಅಂಚು ಕೊಡಲೇನೋ?” ಎಂದು ಪುಟ್ಟನನ್ನು ಕೇಳಿದೆ. “ಊಹೂಂ, ಕೆಂಪು,” ಎಂದ.

ಮರಳಿರುವ ಸ್ಥಳಕ್ಕೆ ಹೆಣಿಗೆ ಒಯ್ಯುವ ಸೋದರಿಯರಿಗೆ ನಾನು ಅಂದು ಕಲಿತ ನಾಲ್ಕು ಮಾತು ಹೇಳಿಬಿಡುತ್ತೇನೆ. ಉಂಡೆಯನ್ನು ಬಾಯಿ ಕಟ್ಟಿದ ಚೀಲದಲ್ಲಿಟ್ಟು ಎಳೆ ಬರುವಷ್ಟೇ ಕಿಂಡಿ ಬಿಡಿ. ಲೋಹದ ಕಡ್ಡಿ ಬಿಸಿಲಿಗೆ ಕಾಯುತ್ತದೆ. ಬಿದಿರಿನ ಕಡ್ಡಿ ಒಳ್ಳೆಯದು. ಮರಳು ಹತ್ತಿದ ನೂಲನ್ನು ಒದ್ದೆ ಮಾಡದೆ, ಉಜ್ಜದೆ, ಮೊದಲು ಚೆನ್ನಾಗಿ ಕೊಡವಿ. ಉಜ್ಜಿದರೆ ಹರಳುಗಳು ಎಳೆಯನ್ನು ಸವೆಸುತ್ತವೆ. ಎಣಿಸಿ ಎಣಿಸಿ ಹಾಕಬೇಕಾದ ಚಿತ್ತಾರದ ಕೆಲಸವನ್ನು ಮನೆಯಲ್ಲೇ ಬಿಟ್ಟು, ಕಣ್ಣಿನ ಹಂಗಿಲ್ಲದೆ ಸಾಗುವ ಸಾದಾ ಸಾಲುಗಳನ್ನು ಒಯ್ಯಿರಿ. ಮಾತು ಬಂದಾಗ ಕೆಳಗಿಡಿ.

ಸ್ವೆಟರು ಪುಷ್ಯದ ಚಳಿ ಮುಗಿಯುವ ಮೊದಲೇ ಸಿದ್ಧವಾಯಿತು. ನನ್ನ ಕೈ ಅಕ್ಕನದಕ್ಕಿಂತ ಸಡಿಲ. ಆದ್ದರಿಂದ ಎಡತೋಳಿನ ಮೇಲರ್ಧವನ್ನು ಒಂದು ಅಳತೆ ಸಣ್ಣದಾದ ಕಡ್ಡಿಯಲ್ಲಿ ಹೆಣೆದೆ. ಎಲ್ಲಿ ಅವಳು ನಿಲ್ಲಿಸಿದಳು, ಎಲ್ಲಿ ನಾನು ತೊಡಗಿದೆ ಎಂಬುದು ಯಾರಿಗೂ ತಿಳಿಯದೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ತೊಳೆದ ಬಕೆಟ್ಟಿನ ತಳದಲ್ಲಿ ಒಂದು ಚಿಟಿಕೆ ಮರಳು ಕುಳಿತಿತ್ತು. ತುಳಸಿಯ ಬುಡಕ್ಕೆ ಸುರಿದೆ.

ಅಕ್ಕನ ಮಗಳು ಬಂದು ಸ್ವೆಟರನ್ನು ಮಡಿಲ ಮೇಲೆ ಹರಡಿಕೊಂಡು, ಎಡತೋಳಿನ ಮೇಲೆ ಹೆಬ್ಬೆರಳನ್ನು ಮೆಲ್ಲನೆ ಸರಿಸುತ್ತ ಹೋದಳು. ಮೊಣಕೈಯ ಹತ್ತಿರ ಬೆರಳು ನಿಂತಿತು.

“ಇಲ್ಲಿಂದ ನೀವು,” ಎಂದಳು.