ಕಸ ಉಳಿಯದ ಸಮಾರಂಭ: ಕಡ್ಡಾಯ ಮಾಡಬೇಕೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಛತ್ರ, ಜಾತ್ರೆಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ತಟ್ಟೆ, ಲೋಟ, ನೀರಿನ ಬಾಟಲಿಗಳು ಪೂರ್ತಿ ನಿಲ್ಲಬೇಕೆ?

ಪರ
(ಹೈನುಗಾರಿಕೆ ಮಾಡುವ ಮಹಿಳೆ, ಮುಳಬಾಗಿಲು ತಾಲ್ಲೂಕು)

ನಿಲ್ಲಲೇಬೇಕು. ಹಸು ಕಟ್ಟಿಕೊಂಡು ಬದುಕುವವಳು ನಾನು, ಈ ವಿಷಯವನ್ನು ಕೊಟ್ಟಿಗೆಯಲ್ಲಿ ನಿಂತೇ ನೋಡುತ್ತೇನೆ. ಮದುವೆಯ ಮಾರನೇ ಬೆಳಿಗ್ಗೆ ಯಾವುದಾದರೂ ಛತ್ರದ ಹಿಂಬದಿಗೆ ಹೋಗಿ ನೋಡಿ. ಉಂಡವರು ಮಡಚಿದ ಬಾಳೆಎಲೆ ಮಡಚಿದ ಹಾಗೇ ಬಿದ್ದಿರುತ್ತದೆ. ಬಿಡಿಸಿದರೆ ಒಳಗೆ ಪಾಯಸದ ಲೋಟ, ಐಸ್‌ಕ್ರೀಂ ಚಮಚ, ಬೀಡಾ ಸುತ್ತಿದ ಪ್ಲಾಸ್ಟಿಕ್ ಹಾಳೆ. ಹಸು ಬರುವುದು ಅನ್ನ, ಉಪ್ಪಿನ ವಾಸನೆಗೆ. ಬೇರೆ ಮಾಡಿ ತಿನ್ನಲು ಅದಕ್ಕೆ ಕೈಯಿಲ್ಲ, ಒಟ್ಟಿಗೇ ನುಂಗುತ್ತದೆ. ನಮ್ಮೂರಲ್ಲಿ ಡಾಕ್ಟರು ಒಂದು ಹಸುವಿನ ಹೊಟ್ಟೆ ಕೊಯ್ದು ಹೊರತೆಗೆದ ಗಂಟನ್ನು ಕಣ್ಣಾರೆ ಕಂಡಿದ್ದೇನೆ: ಹುರಿ ಹೊಸೆದ ಹಗ್ಗದಂತೆ ಸುತ್ತಿಕೊಂಡ ಕವರುಗಳು. ಅದು ಕರಗುವುದಿಲ್ಲ, ಸಗಣಿಯಲ್ಲಿ ಹೊರಗೂ ಹೋಗುವುದಿಲ್ಲ. ಹೊಟ್ಟೆಯಲ್ಲಿ ಜಾಗ ಹಿಡಿದು ಕೂರುತ್ತದೆ. ಮೇವು ತಗ್ಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ. ಡೇರಿಗೆ ಹಾಲು ಹಾಕಿ ಮಕ್ಕಳ ಫೀಸು ಕಟ್ಟುವ ಜಿಲ್ಲೆಯಲ್ಲಿ ಇದು ಸಣ್ಣ ಮಾತೇ? ಶಿವರಾತ್ರಿ ಹೊತ್ತಿಗೆ ಆವಣಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಎತ್ತು ಕಟ್ಟುವ ಬಯಲಿನಲ್ಲಿ ಬಿಸಾಡುವ ಲೋಟಕ್ಕೆ ಏನು ಕೆಲಸ?

ಎಲೆಯೊಂದೇ ಇದ್ದರೆ ಅದು ಕಸವೇ ಅಲ್ಲ. ತಿಪ್ಪೆಗೆ ಹಾಕಿ ಸಗಣಿ ಎಳೆದರೆ ಗೊಬ್ಬರವಾಗಿ ತೋಟ ಸೇರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಬೆರೆತರೆ ಹಸುವಿಗೂ ಇಲ್ಲ, ಹೊಲಕ್ಕೂ ಇಲ್ಲ. ಕೊನೆಗೆ ರಸ್ತೆ ಬದಿಯಲ್ಲಿ ಬೆಂಕಿ ಇಡುತ್ತಾರೆ, ಆ ಹೊಗೆ ನಮ್ಮ ಮನೆಗಳಿಗೇ.

ಪೇಪರ್ ಲೋಟ ಆಗಬಹುದಲ್ಲ ಎನ್ನುವವರು ಅದನ್ನೊಮ್ಮೆ ಹರಿದು ನೋಡಲಿ, ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಇದೆ. ಅಂಥ ಲೋಟದಲ್ಲಿ 100 ಮಿ.ಲೀ. ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಖರಗ್‌ಪುರ ಐಐಟಿಯವರು ಪರೀಕ್ಷಿಸಿ ಹೇಳಿದ್ದಾರೆ.

ಕಾನೂನು ಹೊಸದೇನಲ್ಲ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿತು, ಕೇಂದ್ರ 2022ರ ಜುಲೈ 1ರಿಂದ. ಛತ್ರದ ಹೊರಗೆ ನೂರಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ಬೇರ್ಪಡಿಸಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಯಾರು ತಿಳಿಸಿದರು, ಯಾರು ಕೇಳಿದರು?

ಸ್ಟೀಲ್ ಲೋಟ ಕಳೆದುಹೋಗುತ್ತದಂತೆ! ಕೋಲಾರದ ಎಪಿಎಂಸಿಗೆ ಬನ್ನಿ. ಹದಿನೈದು ಕೆ.ಜಿ. ಟೊಮೆಟೊ ಹಿಡಿಯುವ ಕ್ರೇಟು ತೋಟಕ್ಕೂ ಮಂಡಿಗೂ ಮತ್ತೆ ಮತ್ತೆ ಓಡಾಡುತ್ತದೆ, ಲೆಕ್ಕ ಇಟ್ಟು ವಾಪಸು ಕೇಳುತ್ತಾರೆ. ಕ್ರೇಟು ಎಣಿಸಬಲ್ಲವರಿಗೆ ಲೋಟ ಎಣಿಸಲು ಬಾರದೆ? ಬೆಂಗಳೂರಿನಲ್ಲಿ ಅದಮ್ಯ ಚೇತನದವರು ಪ್ಲೇಟ್ ಬ್ಯಾಂಕ್ ಇಟ್ಟು ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುತ್ತಾರೆ. ತಾಲ್ಲೂಕಿಗೊಂದು ಅಂಥದ್ದನ್ನು ನಮ್ಮ ಸ್ತ್ರೀಶಕ್ತಿ ಸಂಘಗಳೇ ನಡೆಸಬಲ್ಲವು. ನೀರಿಲ್ಲ ಎಂಬುದು ನೆಪ. ಎಲೆಯನ್ನು ಯಾರೂ ತೊಳೆದು ಮತ್ತೆ ಹಾಕುವುದಿಲ್ಲ, ತೊಳೆಯಬೇಕಾದ್ದು ಲೋಟ ಮಾತ್ರ.

ವಿರೋಧ
(ಅಡುಗೆ ಕಂಟ್ರಾಕ್ಟರ್, ಮಾಲೂರು)

ಕಸ ಇರಲಿ ಎಂದು ವಾದಿಸಲು ನಾನು ಬಂದಿಲ್ಲ, ಕಡ್ಡಾಯ ಎಂಬುದಕ್ಕೆ ನನ್ನ ವಿರೋಧ.

ಮೊದಲನೆಯದು ನೀರು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆಸಿಯೂ ನೀರು ಕಾಣದವರಿದ್ದಾರೆ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂತು ನಿಜ. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅದರಲ್ಲಿ ಪಾತ್ರೆ ತೊಳೆಯಲಾಗದು. ಲೋಟ ಮಾತ್ರ ಎನ್ನುತ್ತಾರೆ. ರಾತ್ರಿ ರಿಸೆಪ್ಷನ್‌ನ ಬಫೆಗೆ ತಟ್ಟೆಯೂ ಬೇಕು. ಟ್ಯಾಂಕರ್ ದುಡ್ಡು ಹೆಣ್ಣಿನ ಮನೆಯವರ ಮೇಲೆ ಬೀಳುತ್ತದೆ.

ಎರಡನೆಯದು, ನೀರಿನ ಮೇಲಿನ ಭಯ. ನಮ್ಮ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂದು ಎಲ್ಲರಿಗೂ ಗೊತ್ತು. ಬೀಗರು ಜಗ್ಗಿನ ನೀರು ಮುಟ್ಟುವುದಿಲ್ಲ, ಸೀಲ್ ಒಡೆಯದ ಬಾಟಲಿಯೇ ಬೇಕು. ಇಪ್ಪತ್ತು ಲೀಟರಿನ ಕ್ಯಾನು ಇಟ್ಟು ನಲ್ಲಿಯಿಂದ ಹಿಡಿದು ಕೊಟ್ಟರೆ ಕುಡಿಯುತ್ತಾರೆ, ಹೌದು. ಖರ್ಚೂ ಕಡಿಮೆ, ಕ್ಯಾನು ವಾಪಸು ಹೋಗುತ್ತದೆ. ನಾನೇ ಎಷ್ಟೋ ಕಡೆ ಇಟ್ಟಿದ್ದೇನೆ.

ಮೂರನೆಯದು ಎಲೆ. ಮುಹೂರ್ತ ಸಾಲುಗಟ್ಟಿದ ವಾರಗಳಲ್ಲಿ ಬಾಳೆಎಲೆ ದರ ಕೇಳುವ ಹಾಗಿರುವುದಿಲ್ಲ. ಮುತ್ತುಗದ ಎಲೆ ಹಚ್ಚುವ ಕೈಗಳೂ ಕಡಿಮೆಯಾಗಿವೆ.

ನಾಲ್ಕನೆಯದನ್ನು ಯಾರೂ ಎತ್ತುವುದಿಲ್ಲ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತದೆ ಎಂದು ಅಲ್ಲಿನ ಕೃಷಿ ವಿಶ್ವವಿದ್ಯಾಲಯದವರು ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ಮಾಡಿ ಅಂದಾಜಿಸಿದ್ದರು. ಇಲ್ಲೂ ಬಿಸಾಡುವುದು ಹೆಚ್ಚಾಗಿ ಅನ್ನವೇ. ಎಂಟುನೂರು ಜನ ಎನ್ನುತ್ತಾರೆ, ಐನೂರು ಬರುತ್ತಾರೆ. ಅನ್ನ ಸಾಲದೆ ಹೋದರೆ ಮರ್ಯಾದೆ ಹೋಗುವುದು ನನ್ನದು. ಪಲ್ಯ ನಾಲ್ಕು ಬಗೆ ಸಾಕು ಎಂದರೆ ಏಳು ಮಾಡಿಸುತ್ತಾರೆ. ಕಾನೂನಿಗೆ ಇದನ್ನು ತಡೆಯಲಾಗದು.

ತಿಥಿ ಊಟದಲ್ಲಿ, ಊರಹಬ್ಬದಲ್ಲಿ ಇಂದಿಗೂ ಎಲೆ, ಸ್ಟೀಲ್ ಲೋಟಗಳೇ ನಡೆಯುತ್ತಿವೆ, ಯಾರೂ ಗೊಣಗಿದ್ದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆ ಹಸುವಿನ ವಿಷಯಕ್ಕೂ ನನ್ನಲ್ಲಿ ಉತ್ತರವಿಲ್ಲ. ಆದರೆ ದಂಡದ ರಸೀದಿ ಹಿಡಿದು ಬರುವ ಮೊದಲು ಪುರಸಭೆಯ ಹಸಿಕಸದ ಗಾಡಿ ರಾತ್ರಿ ಹನ್ನೊಂದಕ್ಕೆ ಛತ್ರದ ಬಾಗಿಲಿಗೆ ಬರಲಿ, ನಾವು ಕೈ ತೊಳೆಯುವ ಹೊತ್ತು ಅದು. ಎಲೆ ಬೇರೆ, ಬಾಟಲಿ ಬೇರೆ ಮಾಡಿ ಇಡುವುದು ನನ್ನ ಜವಾಬ್ದಾರಿ. ಹುಡುಗರಿಗೆ ಅದರ ಕೂಲಿಯನ್ನೂ ನಾನೇ ಕೊಡುತ್ತೇನೆ.