ಕಾಲುವೆ ಹೇಳೋ ಸುಳ್ಳು

ಸಿಂಧನೂರು, ಮಸ್ಕಿ, ಲಿಂಗಸುಗೂರು. ಒಂದೇ ಬಸ್ಸಿನ ದಾರಿಯಲ್ಲಿ ಸಿಗೋ ಮೂರು ಊರಿನವರು ನಾವು, ಈಗ ಹಾಸ್ಟೆಲ್‌ನ ಒಂದೇ ಸಾಲಿನ ರೂಮುಗಳಲ್ಲಿ ಇದ್ದೇವೆ. ಬೇರೆ ಯಾವ ಆಟದ ಮಾತು ಬಂದರೂ ಸುಮ್ಮನಿರ್ತೇವೆ, ಈಜಿನ ಮಾತು ಬಂದ್ರೆ ಮಾತ್ರ ಎದೆ ಉಬ್ಬುತ್ತೆ. ಸಿಂಧನೂರಿನವರು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಕಲಿತವರು, ಲಿಂಗಸುಗೂರಿನವರು ನಾರಾಯಣಪುರ ಬಲದಂಡೆ ಕಾಲುವೆಯಲ್ಲಿ, ಮಸ್ಕಿಯವರು ಹೊಲದ ಬಾವಿಯಲ್ಲಿ ಮತ್ತು ನೀರು ಬಂದಾಗ ಕಾಲುವೆಯಲ್ಲಿ. ಸೊಂಟಕ್ಕೆ ಖಾಲಿ ಎಣ್ಣೆ ಕ್ಯಾನು ಕಟ್ಟಿ ಅಣ್ಣಂದಿರು ನೀರಿಗೆ ತಳ್ಳಿದ್ದೇ ನಮ್ಮ ಕೋಚಿಂಗ್.

ಹೋದ ವರ್ಷ ನಾವೆಲ್ಲ ಸೇರಿ ಇಲ್ಲಿನ 25 ಮೀಟರ್ ಈಜುಕೊಳಕ್ಕೆ ಮೊದಲ ಸಲ ಹೋದೆವು. ನಮ್ಮಲ್ಲಿ ಮಸ್ಕಿಯ ಗೆಳೆಯನೇ ಹುಲಿ. ಸೇತುವೆ ಮೇಲಿಂದ ಹಾರಿ, ಕೆಳಗಿನ ತೂಬಿನ ತನಕ ಕಣ್ಣು ಮಿಟುಕಿಸೋದರೊಳಗೆ ಹೋಗ್ತಿದ್ದವನು. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು 50 ಮೀಟರ್ ಈಜಿಸಿದ್ವಿ. 47 ಸೆಕೆಂಡ್! ಆ ಕಡೆ ಗೋಡೆ ಮುಟ್ಟಿ, ಅದನ್ನ ಹಿಡ್ಕೊಂಡು ಉಸಿರು ತಗೊಂಡು, ನಿಧಾನಕ್ಕೆ ತಿರುಗಿ ಬಂದ. ಪಕ್ಕದ ಸಾಲಿನಲ್ಲಿದ್ದ ಏಳನೇ ಕ್ಲಾಸಿನ ಹುಡುಗ ಅವನಿಗಿಂತ ಮೊದಲೇ ಮುಗಿಸಿ ಕನ್ನಡಕ ಒರೆಸ್ತಾ ನಿಂತಿದ್ದ. ಮೊದಲು ನಕ್ಕೆವು. ಆಮೇಲೆ ನಾವೆಲ್ಲ ಒಬ್ಬೊಬ್ಬರಾಗಿ ಈಜಿ ನೋಡಿದಾಗ ನಗು ನಿಂತಿತು.

ಏನಾಯ್ತು ಅಂತ ರೂಮಿಗೆ ಬಂದು ಲೆಕ್ಕ ಹಾಕಿದೆವು, ಎಂಜಿನಿಯರಿಂಗ್ ಹುಡುಗರು ಅಲ್ವಾ. ಒಬ್ಬ ಹುಡುಗನ ಸ್ವಂತ ವೇಗ ಸೆಕೆಂಡಿಗೆ 1.6 ಮೀಟರ್ ಅಂದ್ಕೊಳ್ಳಿ. ನಿಂತ ನೀರಲ್ಲಿ 50 ಮೀಟರಿಗೆ ಅವನಿಗೆ 31 ಸೆಕೆಂಡ್ ಬೇಕು. ಸೆಕೆಂಡಿಗೆ ಅರ್ಧ ಮೀಟರ್ ಹರಿಯೋ ಕಾಲುವೆಯಲ್ಲಿ ಅದೇ ಹುಡುಗ 24 ಸೆಕೆಂಡಿಗೆ ಮುಟ್ತಾನೆ. ಏಳು ಸೆಕೆಂಡ್ ಕಾಲುವೆಯ ಉಡುಗೊರೆ. ದಂಡೆ ಮೇಲೆ ಚಪ್ಪಾಳೆ ತಟ್ಟೋರು ಅದನ್ನ ಕಳೆದು ನೋಡಲ್ಲ. ಹರಿವಿಗೆ ಎದುರಾಗಿ ಯಾರೂ ಪಂದ್ಯ ಕಟ್ಟಲ್ಲ ಅನ್ನೋದನ್ನೂ ನೆನಪಿಡಿ.

ಎರಡನೇದು ಇನ್ನೂ ಮುಖ್ಯ. ಮಸ್ಕಿಯ ಗೆಳೆಯ ತಲೆ ಎತ್ತಿಕೊಂಡೇ ಈಜ್ತಾನೆ. ಅಲ್ಲಿದ್ದ ಕೋಚ್ "ಮುಖ ನೀರೊಳಗೆ ಇಡಪ್ಪಾ" ಅಂದ್ರೆ ಅವನು, "ಸರ, ಮುಂದ ಏನ್ ಬರತೈತಿ ಅಂತ ನೋಡಬೇಕಲ್ರೀ" ಅಂದ. ತಪ್ಪೇನಿಲ್ಲ. ಕಾಲುವೆಯಲ್ಲಿ ಜಾಲಿಮುಳ್ಳಿನ ಟೊಂಗೆ ಬರುತ್ತೆ, ಸತ್ತ ಕುರಿ ಬರುತ್ತೆ, ಸೇತುವೆ ಕಂಬ ಬರುತ್ತೆ. ಕೆಂಪು ನೀರಲ್ಲಿ ಮುಖ ಮುಳುಗಿಸಿದ್ರೆ ಏನೂ ಕಾಣಲ್ಲ. ಜೀವ ಉಳಿಸಿಕೊಳ್ಳೋಕೆ ಕಲಿತ ಚಾಳಿ ಅದು. ಆದ್ರೆ ತಲೆ ಮೇಲೆದ್ದಷ್ಟೂ ಸೊಂಟ, ಕಾಲು ಕೆಳಗಿಳಿತವೆ, ನೀರಿಗೆ ಎದುರಾಗೋ ಮೈ ಅಗಲವಾಗುತ್ತೆ. ನೀರಿನ ತಡೆ ವೇಗದ ವರ್ಗದಷ್ಟು ಏರುತ್ತೆ, ಅದನ್ನ ಮೀರೋಕೆ ಬೇಕಾದ ಪವರ್ ಘನದಷ್ಟು. ವೇಗ ಶೇ 10 ಹೆಚ್ಚಬೇಕಂದ್ರೆ ಪವರ್ ಶೇ 33 ಹೆಚ್ಚಬೇಕು. ಅದಕ್ಕೇ ಫ್ರೀಸ್ಟೈಲ್ ಓಟದಲ್ಲಿ ತೋಳಿನ ಬಲಕ್ಕಿಂತ ಮೈಯನ್ನ ಈಟಿ ಹಾಗೆ ಇಡೋದು ಮುಖ್ಯ.

ಈ ಓಟ ಎಷ್ಟು ಸಣ್ಣ ಅಂತರದ್ದು ಅನ್ನೋದಕ್ಕೆ ನಮ್ಮ ನೆರೆಯ ಕೊಲ್ಹಾಪುರದ ವೀರಧವಲ್ ಖಾಡೆ ಅವರನ್ನೇ ನೋಡಿ. 2018ರ ಜಕಾರ್ತಾ ಏಷ್ಯನ್ ಗೇಮ್ಸ್, ಪುರುಷರ 50 ಮೀಟರ್ ಫ್ರೀಸ್ಟೈಲ್. ಹೀಟ್ಸ್‌ನಲ್ಲಿ 22.43 ಸೆಕೆಂಡ್, ಹೊಸ ರಾಷ್ಟ್ರೀಯ ದಾಖಲೆ. ಫೈನಲ್‌ನಲ್ಲಿ 22.47. ಕಂಚು ಗೆದ್ದ ಜಪಾನಿನ ಈಜುಗಾರನದು 22.46. ನೂರನೇ ಒಂದು ಸೆಕೆಂಡ್, ಅಂದ್ರೆ ಆ ವೇಗದಲ್ಲಿ ಎರಡು ಸೆಂಟಿಮೀಟರ್ ಚಿಲ್ಲರೆ. ಖಾಡೆ ಹುಡುಗನಾಗಿದ್ದಾಗ ಬೆಂಗಳೂರಿಗೆ ಬಂದು ನಿಹಾರ್ ಅಮೀನ್ ಅವರ ಬಳಿ ತರಬೇತಿ ಪಡೆದವರು, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ 16ನೇ ವಯಸ್ಸಲ್ಲೇ ಹೋದವರು, 2010ರ ಏಷ್ಯನ್ ಗೇಮ್ಸ್‌ನಲ್ಲಿ 50 ಮೀಟರ್ ಬಟರ್‌ಫ್ಲೈ ಕಂಚು ತಂದವರು. ಆಮೇಲೆ ಮಹಾರಾಷ್ಟ್ರದಲ್ಲಿ ತಹಶೀಲ್ದಾರ್ ಆಗಿ ಕೆಲಸಕ್ಕೆ ಸೇರಿ ಈಜು ಬಿಟ್ಟು, ಮತ್ತೆ ವಾಪಸ್ ಬಂದು ಈಜಿದ ಓಟ ಈ ಜಕಾರ್ತಾದ್ದು. ಅಂಥವರಿಗೇ ಎರಡು ಸೆಂಟಿಮೀಟರ್ ಕಡಿಮೆ ಬಿತ್ತು. ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಅರ್ಹತೆಯ ಗಡಿ 21.96 ಸೆಕೆಂಡ್ ಆಗಿತ್ತು.

ಹೀಗಿರುವಾಗ ಊರಲ್ಲಿ ಸನ್ಮಾನದ ವೇದಿಕೆ ಹತ್ತಿದವರು "ನಮ್ಮ ಕಾಲುವೆ ಹುಡುಗರಿಗೆ ಒಂದು ಅವಕಾಶ ಕೊಟ್ರೆ ಒಲಿಂಪಿಕ್ಸ್ ಮೆಡಲ್ ತರ್ತಾರೆ" ಅಂದಾಗ ನಮಗೆ ಸಿಟ್ಟು ಬರುತ್ತೆ. ಹೊಗಳಿಕೆ ಖರ್ಚಿಲ್ಲದ್ದು. ಕಾಲುವೆ ಧೈರ್ಯ ಕಲಿಸುತ್ತೆ, ಅದನ್ನ ನಾವು ಅಲ್ಲಗಳೆಯಲ್ಲ. ಆದ್ರೆ ಬ್ಲಾಕ್ ಮೇಲಿಂದ ಜಿಗಿಯೋದನ್ನ, ಗೋಡೆ ಹತ್ತಿರ ಪಲ್ಟಿ ಹೊಡೆದು ತಿರುಗೋದನ್ನ, ನಿಯಮ ಬಿಟ್ಟಿರೋ 15 ಮೀಟರ್ ತನಕ ನೀರೊಳಗೇ ಸಾಗೋದನ್ನ ಅದು ಕಲಿಸೋಕಾಗಲ್ಲ. 50 ಮೀಟರ್ ಓಟದಲ್ಲಿ ಇವನ್ನ ಬಿಟ್ರೆ ಉಳಿಯೋದೇ ಸ್ವಲ್ಪ.

ಆಸ್ಟ್ರೇಲಿಯಾದ ಕ್ಯಾಮರನ್ ಮೆಕವಾಯ್ ಕತೆ ನಮ್ಮ ಮ್ಯಾಗಜೀನ್ ಓದುಗರಿಗೆ ಇಷ್ಟ ಆಗ್ಬೇಕು. ಭೌತಶಾಸ್ತ್ರ, ಗಣಿತ ಓದಿದ ಮನುಷ್ಯ. 2016ರಲ್ಲಿ ಗುರುತ್ವ ಅಲೆಯ ಸಂಕೇತ ಮುದ್ರಿಸಿದ ಟೋಪಿ ಹಾಕ್ಕೊಂಡು ಈಜಿದ್ದ! ಟೋಕಿಯೊ ಒಲಿಂಪಿಕ್ಸ್ ಆದ್ಮೇಲೆ ಕೆಲಕಾಲ ಈಜು ಬಿಟ್ಟು, ವಾಪಸ್ ಬಂದಾಗ ಕಿಲೋಮೀಟರ್‌ಗಟ್ಟಲೆ ಈಜೋ ಹಳೇ ಪದ್ಧತಿ ಕೈಬಿಟ್ಟ. ಜಿಮ್‌ನಲ್ಲಿ ಬಲ, ನೀರಲ್ಲಿ ಪೂರ್ಣ ವೇಗದ ಸಣ್ಣ ಸಣ್ಣ ತುಂಡುಗಳು, ಅಷ್ಟೇ. ಪ್ಯಾರಿಸ್‌ನಲ್ಲಿ 30ನೇ ವಯಸ್ಸಲ್ಲಿ 21.25ಕ್ಕೆ ಚಿನ್ನ, 2025ರ ಸಿಂಗಪುರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 21.14ಕ್ಕೆ ಮತ್ತೆ ಚಿನ್ನ. ಅಷ್ಟು ಜೋರು ಅಂದ್ರೂ ಗಂಟೆಗೆ ಎಂಟೂವರೆ ಕಿಲೋಮೀಟರ್ ಆಗುತ್ತೆ, ನಮ್ಮೂರಲ್ಲಿ ಬಸ್ ಹಿಡಿಯೋಕೆ ಓಡೋರು ಅದನ್ನ ದಾಟ್ತಾರೆ. ನೀರಿನ ತಡೆ ಅಂದ್ರೆ ಹಾಗೆ. ಅವನು ತನ್ನ ತರಬೇತಿ ಬದಲಾಯಿಸೋಕೆ ಆಗಿದ್ದು ಅಳೆಯೋಕೆ ಒಂದು ಕೊಳ ಇತ್ತು ಅಂತ. ಉದ್ದ ಗೊತ್ತಿರೋ ನಿಂತ ನೀರು ಇಲ್ಲದೆ ಸ್ಟಾಪ್‌ವಾಚ್ ಹಿಡಿದು ಏನು ಮಾಡೋದು?

ನಾವು ಕೇಳೋದು ಮೂರು ತಾಲೂಕಿಗೂ ಒಂದೊಂದು 25 ಮೀಟರ್ ಕೊಳ, ಜೊತೆಗೆ ಸಂಬಳ ಕೊಟ್ಟು ಇಟ್ಟ ಒಬ್ಬ ಕೋಚ್. ಕೊಳ ಕಟ್ಟಿ, ರಿಬ್ಬನ್ ಕತ್ತರಿಸಿ, ಬೀಗ ಹಾಕೋದಾದ್ರೆ ಬೇಡವೇ ಬೇಡ.

"ಕುಡಿಯೋಕೆ ನೀರಿಲ್ಲ, ಇವರಿಗೆ ಈಸಾಕ ನೀರು ಬೇಕಂತ" ಅಂತ ಹಿರಿಯರು ಅನ್ನೋದು ನಮಗೆ ಗೊತ್ತು. ಮಸ್ಕಿ ಕಡೆ 5ಎ ಕಾಲುವೆಗಾಗಿ ರೈತರು ಧರಣಿ ಕೂತವರು, ಅವರ ಮುಂದೆ ನೀರಿನ ಮಾತು ಹಗುರವಾಗಿ ಆಡೋಕಾಗಲ್ಲ. ಅದಕ್ಕೇ ಲೆಕ್ಕ ಕೊಡ್ತೀವಿ. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ ಹಿಡಿಯೋ ನೀರು ಸುಮಾರು 4.7 ಲಕ್ಷ ಲೀಟರ್. ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ 1,200 ಮಿಲಿಮೀಟರ್ ನೀರು ಅಂತ ಹಿಡಿದ್ರೆ 48 ಲಕ್ಷ ಲೀಟರ್ ಚಿಲ್ಲರೆ. ಸೋಸಿ ಸೋಸಿ ಅದೇ ನೀರು ಬಳಸೋದರಿಂದ, ಆವಿಯಾಗೋದು, ಫಿಲ್ಟರ್ ತೊಳೆಯೋದು ಎಲ್ಲ ಸೇರಿಸಿದ್ರೂ ಕೊಳದ ವರ್ಷದ ಖರ್ಚು ಎಕರೆ ಭತ್ತದ ಒಂದು ಬೆಳೆಯನ್ನ ಮೀರಲ್ಲ. ಸಿಂಧನೂರಿನ ಭತ್ತದ ಸೀಮೆಯಲ್ಲಿ ಒಂದು ಎಕರೆ ಎಷ್ಟು ಅಂತ ನೀವೇ ಹೇಳಿ. ದುಡ್ಡಿನ ಮಾತಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ.

ಇನ್ನೊಂದು ಮಾತು, ಇದು ಮೆಡಲ್‌ಗಿಂತ ದೊಡ್ಡದು. ನಮ್ಮ ಕಾಲುವೆಯ ಕಾಂಕ್ರೀಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತೆ. ಒಮ್ಮೆ ಒಳಗೆ ಬಿದ್ರೆ ಈಜು ಬಂದವನೂ ಹತ್ತಿ ಬರೋಕೆ ಒದ್ದಾಡಬೇಕು. ಬೇಸಿಗೆ ರಜೆಯಲ್ಲಿ, ಬಟ್ಟೆ ಒಗೆಯೋಕೆ ಹೋದಾಗ, ಜಾತ್ರೆಗೆ ಬಂದಾಗ ಸತ್ತ ಮಕ್ಕಳ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದಿಕೊಂಡೇ ನಾವು ಬೆಳೆದದ್ದು. ನಮ್ಮ ಜೊತೆ ಹೈಸ್ಕೂಲ್ ಓದಿದ ಒಬ್ಬಳ ತಂಗಿ ಕೊಡ ತೊಳೆಯೋಕೆ ಹೋಗಿ ವಾಪಸ್ ಬರಲಿಲ್ಲ. ಹುಡುಗರನ್ನಾದ್ರೂ ಅಣ್ಣಂದಿರು ನೀರಿಗೆ ತಳ್ಳಿದ್ರು. ಹುಡುಗಿಯರಿಗೆ ನಮ್ಮ ಕಡೆ ಈಜು ಕಲಿಸಿದವರು ಯಾರು? ಕೊಳ ಬಂದ್ರೆ ದಿನಕ್ಕೆ ಎರಡು ತಾಸು ಅವರಿಗೇ ಮೀಸಲಿರಬೇಕು, ಕಲಿಸೋಕೆ ಮಹಿಳಾ ಕೋಚ್ ಇರಬೇಕು ಅಂತ ನಮ್ಮ ಮನವಿಯಲ್ಲಿ ಮೊದಲ ಸಾಲಲ್ಲೇ ಬರೆದಿದ್ದೇವೆ. ಈ ಸಾಲಿಗೆ ನಮ್ಮೊಳಗೇ ಜಗಳ ಆಯ್ತು, ಫ್ರೀಸ್ಟೈಲ್ ಹುಚ್ಚರು ಸೋತರು.

ಮಸ್ಕಿಯ ಗೆಳೆಯ ಈಗ ಪ್ರತಿ ಭಾನುವಾರ ಕೊಳಕ್ಕೆ ಹೋಗ್ತಾನೆ. ಮುಖ ನೀರೊಳಗೆ ಇಡೋಕೆ ಎರಡು ತಿಂಗಳು ಬೇಕಾಯ್ತು. ಈಗ 36 ಸೆಕೆಂಡ್. ಆ ಏಳನೇ ಕ್ಲಾಸಿನ ಹುಡುಗ ಈಗ್ಲೂ ಅವನಿಗಿಂತ ಮುಂದೆ.

ಮನವಿ ಪತ್ರ ನಮ್ಮ ರೂಮಲ್ಲೇ ಇದೆ. ಮೂರೂ ತಾಲೂಕಿನವರು ದೀಪಾವಳಿ ರಜೆಗೆ ಊರಿಗೆ ಹೋಗೋ ಮುಂಚೆ ಬಂದು ಸಹಿ ಹಾಕಿ. ಊರಿಗೆ ಹೋದಾಗ ತಹಶೀಲ್ದಾರ್ ಕಚೇರಿಗೆ ಒಟ್ಟಿಗೇ ಹೋಗೋಣ.