ಲಿನಾಲೋ ತೋಪಿನಲ್ಲಿ ಶಾಮಿಯಾನ ಬೇಡ

2018ರ ನವೆಂಬರ್‌ನಲ್ಲಿ ನಟಿ ದೀಪಿಕಾ ಪಡುಕೋಣೆಯವರ ವಿವಾಹವು ಇಟಲಿಯ ಕೋಮೊ ಸರೋವರದ ದಂಡೆಯಲ್ಲಿರುವ ವಿಲ್ಲಾ ದೆಲ್ ಬಾಲ್ಬಿಯನೆಲ್ಲೋದಲ್ಲಿ ಕೊಂಕಣಿ ಸಂಪ್ರದಾಯದಂತೆ ನಡೆಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಒಬ್ಬ ಕಾರ್ಡಿನಲ್ ಕಟ್ಟಿಸಿದ ಮನೆ ಅದು. ಅದರ ಕಡೆಯ ಒಡೆಯ, ಪರ್ವತಾರೋಹಿ ಗ್ವಿದೊ ಮೊಂಜಿನೊ, 1988ರಲ್ಲಿ ತೀರಿಕೊಳ್ಳುವಾಗ ಮನೆಯನ್ನೂ ತೋಟವನ್ನೂ ಇಟಲಿಯ ಪರಂಪರೆ ಸಂರಕ್ಷಣಾ ಸಂಸ್ಥೆಯೊಂದಕ್ಕೆ ಬಿಟ್ಟುಹೋದ. ಸಂಸ್ಥೆ ಅದನ್ನು ಪ್ರವಾಸಿಗಳಿಗೆ ತೆರೆದಿದೆ, ಮದುವೆಗಳಿಗೂ ಕೊಡುತ್ತದೆ.

ಹಳೆಯ ತೋಟದ ಮನೆಗಳನ್ನು ಉಳಿಸುವ ಸುಲಭ ದಾರಿ ಇದೇ ಎಂಬ ನಂಬಿಕೆ ಕರ್ನಾಟಕದಲ್ಲೂ ಬೇರೂರುತ್ತಿದೆ. ಮಲೆನಾಡಿನ ಎಸ್ಟೇಟ್ ಬಂಗಲೆಗಳಲ್ಲಿ ಹಲವು ಹೋಂ ಸ್ಟೇಗಳಾದವು. ಬೆಂಗಳೂರಿನಿಂದ ಕನಕಪುರ, ಮಾಗಡಿ, ಮೈಸೂರು ದಿಕ್ಕಿಗೆ ಹೊರಟವರಿಗೆ ರಸ್ತೆಯ ಇಕ್ಕೆಲಗಳಲ್ಲಿ ಕಾಣುವುದು ರಾಗಿ ಹೊಲಕ್ಕಿಂತ ಹೆಚ್ಚಾಗಿ ಸಮಾರಂಭದ ಹುಲ್ಲುಹಾಸು. ಹೀಗಿರುವಾಗ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನತ್ತಲೂ ಇಂಥ ಕಣ್ಣು ಬೀಳುವುದು ಆಶ್ಚರ್ಯವಲ್ಲ. 2019ರಲ್ಲಿ ಅಲ್ಲಿ ಚಿತ್ರನಗರಿ ನಿರ್ಮಿಸುವ ಪ್ರಸ್ತಾಪವೇ ಬಂದಿತ್ತು. ಪರಿಸರಾಸಕ್ತರು ವಿರೋಧಿಸಿದರು, ಪ್ರಸ್ತಾಪ ಬೇರೆಡೆಗೆ ಸರಿಯಿತು. ಚಿತ್ರನಗರಿ ಹೋದರೇನು, ನಾಲ್ಕು ಮದುವೆ, ಎರಡು ಸಂಗೀತ ಸಂಜೆ ನಡೆದರೆ ನಷ್ಟವೇನು ಎಂದು ಕೇಳುವವರು ನಾಳೆ ಬರುತ್ತಾರೆ. ಉತ್ತರವನ್ನು ಇಂದೇ ಸಿದ್ಧಪಡಿಸಿಟ್ಟುಕೊಳ್ಳುವುದು ಲೇಸು.

ರಷ್ಯಾದಲ್ಲಿ ಹುಟ್ಟಿದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ಪತ್ನಿ, ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ದೇವಿಕಾ ರಾಣಿ ಬಾಳಿದ ಸ್ಥಳ ತಾತಗುಣಿ. ಒಟ್ಟು 470 ಎಕರೆ 19 ಗುಂಟೆ ಜಮೀನು. ಭೂಸುಧಾರಣೆಯ ಕಾಲದಲ್ಲಿ ಇಷ್ಟು ದೊಡ್ಡ ಹಿಡುವಳಿ ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಒಂದು ಮರದಲ್ಲಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 107ನೆಯ ಪ್ರಕರಣವು ಲಿನಾಲೋ ಬೆಳೆಯುವ ಭೂಮಿಗೆ ಮಿತಿಯಿಂದ ವಿನಾಯಿತಿ ನೀಡಿತ್ತು. ಮೆಕ್ಸಿಕೊ ಮೂಲದ ಒಂದು ಗಿಡದ ಹೆಸರು ಕರ್ನಾಟಕದ ಕಾಯ್ದೆ ಪುಸ್ತಕಕ್ಕೆ ಏರಿದ್ದು ಸಾಮಾನ್ಯ ಸಂಗತಿಯಲ್ಲ. ಆ ವಿನಾಯಿತಿ ನ್ಯಾಯವಾಗಿತ್ತೇ ಎಂಬುದು ಬೇರೆ ಚರ್ಚೆ. 1994ರ ಮಾರ್ಚ್‌ನಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು.

ಮರದ ಗುಣವನ್ನು ಸ್ವಲ್ಪ ವಿವರಿಸಬೇಕು. ಮೆಕ್ಸಿಕೊದಲ್ಲಿ ಲಿನಾಲೋ ಎಣ್ಣೆಗಾಗಿ ಮರದ ಕಾಂಡವನ್ನೇ ಕಡಿದು ಬಟ್ಟಿ ಇಳಿಸುತ್ತಿದ್ದರು. ಭಾರತದಲ್ಲಿ ಕಾಯಿಯ ಸಿಪ್ಪೆಯಿಂದ ಎಣ್ಣೆ ತೆಗೆಯುವ ಪದ್ಧತಿ ಬೆಳೆಯಿತು. ಹೀಗಾಗಿ ಮರವನ್ನು ಕಡಿಯದೆಯೇ ಸುಗಂಧದ್ರವ್ಯ ಉದ್ಯಮಕ್ಕೆ ಬೇಕಾದ ಎಣ್ಣೆ ವರ್ಷವರ್ಷವೂ ದೊರೆಯಿತು. ಕಲ್ಲುಮಿಶ್ರಿತ ಕೆಂಪು ಮಣ್ಣು, ಮಳೆಯ ನೀರು, ಇಷ್ಟರಲ್ಲೇ ಅದು ನಿಲ್ಲುತ್ತದೆ. ಗಂಡು ಹೆಣ್ಣು ಮರಗಳು ಬೇರೆಬೇರೆ. ಕಾಯಿ ಕೊಡುವುದು ಹೆಣ್ಣು ಮರವಾದ್ದರಿಂದ ಅದರ ಕೊಂಬೆ ತುಂಡುಗಳನ್ನು ನೆಟ್ಟು ತೋಪು ಬೆಳೆಸುತ್ತಾರೆ. ಮಳೆಯಾಶ್ರಿತ ಬಯಲುಸೀಮೆಯ ರೈತನಿಗೆ ಇಂಥ ಮರಗಳ ಬಗ್ಗೆ ಇನ್ನೂ ತಿಳಿಯಬೇಕಾದದ್ದು ಬಹಳವಿದೆ. ಅದೇ ನೆಲಕ್ಕೆ ವಿದೇಶಿ ಹುಲ್ಲು ಹಾಸಿ ಬೋರ್‌ವೆಲ್ಲಿನ ನೀರುಣಿಸುವುದನ್ನು ಉದ್ಯಾನ ಕಲೆ ಎನ್ನುವವರಿಗೆ ನಮಸ್ಕಾರ.

ಇಟಲಿಯಲ್ಲೂ ವಿಲ್ಲಾ ಎಂದರೆ ಮೊದಲಿಗೆ ವಿಲಾಸಗೃಹವಾಗಿರಲಿಲ್ಲ. ರೋಮನರ ಕಾಲದಲ್ಲಿ ಆ ಪದಕ್ಕೆ ಜಮೀನಿನ ನಡುವಿನ ಮನೆ ಎಂಬ ಅರ್ಥವಿತ್ತು. ಹದಿನಾರನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊ ವೆನೆಟೊ ಪ್ರಾಂತ್ಯದಲ್ಲಿ ಕಟ್ಟಿದ ವಿಲ್ಲಾಗಳನ್ನು ನೋಡಿದರೆ ಇದು ಸ್ಪಷ್ಟ. ಫನ್ಜೋಲೊದ ವಿಲ್ಲಾ ಎಮೊದಲ್ಲಿ ಯಜಮಾನನ ಮನೆಯ ಎರಡು ಪಕ್ಕಗಳಲ್ಲಿ ಉದ್ದಕ್ಕೆ ಚಾಚಿದ ಕಂಬಸಾಲುಗಳಿವೆ. ಅವು ಅಲಂಕಾರಕ್ಕಲ್ಲ, ಧಾನ್ಯ, ದನ, ನೇಗಿಲುಗಳಿಗಾಗಿ. ಮನೆಯ ಚೆಲುವು ಹೊಲದ ದುಡಿಮೆಯಿಂದ ಬಂದದ್ದು. 1996ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಆ ಪ್ರಾಂತ್ಯದ ವಿಲ್ಲಾಗಳು ಸೇರಿದವು. ಮದುವೆಯ ಫೋಟೋಗಳಲ್ಲಿ ಕಾಣುವುದು ಮನೆಯ ಮುಂಭಾಗ ಮಾತ್ರ.

ಬಾಲ್ಬಿಯನೆಲ್ಲೋಗೂ ತಾತಗುಣಿಗೂ ಇರುವ ಮುಖ್ಯ ಭೇದ ಬೇರೆಯೇ ಇದೆ. ಕೋಮೊ ದಂಡೆಯಲ್ಲಿ ಆನೆಗಳಿಲ್ಲ. ತಾತಗುಣಿ ಬನ್ನೇರುಘಟ್ಟ ಕಾಡಿನ ಅಂಚಿನಲ್ಲಿದೆ, ಎಸ್ಟೇಟಿನೊಳಗೆ ಆನೆಗಳು ಓಡಾಡುತ್ತವೆ. ಬನ್ನೇರುಘಟ್ಟದ ಆನೆಗಳು ಒಂದು ಕಡೆ ಕನಕಪುರದ ಕಾಡುಗಳಿಗೆ, ಇನ್ನೊಂದು ಕಡೆ ಮಾಗಡಿ ತಾಲ್ಲೂಕಿನ ಸಾವನದುರ್ಗದತ್ತ ಸಾಗುತ್ತವೆ. ರಾಮನಗರ, ಚನ್ನಪಟ್ಟಣದ ರೈತರಿಗೂ ಅವುಗಳ ಪರಿಚಯ ಸಾಕಷ್ಟಿದೆ. ರಾಗಿ ತೆನೆ ಬಲಿಯುವ ಕಾರ್ತಿಕ, ಮಾರ್ಗಶಿರ ಮಾಸಗಳೇ ಮದುವೆಯ ಮುಹೂರ್ತಗಳ ಕಾಲವೂ ಹೌದು. ಬೆಳಕು, ಧ್ವನಿವರ್ಧಕ, ಪಟಾಕಿ, ಜನರೇಟರ್‌ಗಳ ನಡುವೆ ಆನೆ ಬರಲಾರದು. ಬರದ ಆನೆ ಕಾಡಿಗೆ ಹಿಂತಿರುಗಿ ಮಲಗುತ್ತದೆಯೇ? ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಎಸ್ಟೇಟಿನಲ್ಲಿ ಒಂದು ರಾತ್ರಿ ನಡೆಯುವ ಔತಣದ ಬೆಲೆಯನ್ನು ಕಾವಲು ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕೂತ ಎರಡೆಕರೆಯ ಒಕ್ಕಲಿಗ ತೆರುತ್ತಾನೆ. ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಅಲೆಯುವವನೂ ಅವನೇ, ಬಾಡಿಗೆ ಪಡೆದವರಲ್ಲ.

ಕಾನೂನು ತಡೆಯುತ್ತದೆ ಎಂದು ನಿಶ್ಚಿಂತೆಯಿಂದಿರುವಂತಿಲ್ಲ. ಬನ್ನೇರುಘಟ್ಟದ ಸುತ್ತ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದ ಪರಿಸರ ಸೂಕ್ಷ್ಮ ವಲಯ, 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ವಲಯದ ನಿಯಮಗಳು ಮುಖ್ಯವಾಗಿ ಹೊಸ ಹೋಟೆಲು, ರೆಸಾರ್ಟುಗಳ ಕಟ್ಟಡವನ್ನು ಕುರಿತು ಮಾತನಾಡುತ್ತವೆ. ಹಳೆಯ ಮನೆಯ ಅಂಗಳದಲ್ಲಿ ಮೂರು ದಿನ ನಿಂತು ಮಾಯವಾಗುವ ಶಾಮಿಯಾನವನ್ನು ಕಟ್ಟಡ ಎನ್ನುವವರು ಯಾರು?

ಹೆಚ್ಚು ಬಲವಾದ ಆಧಾರ ಎಸ್ಟೇಟಿನದೇ ಇತಿಹಾಸದಲ್ಲಿದೆ. ರೋರಿಕ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ನಿಧನರಾದರು. ಮಕ್ಕಳಿರಲಿಲ್ಲ. ಸಮಾಧಿಗಳನ್ನು ರಕ್ಷಿಸಲು, ಕಲಾಕೃತಿಗಳನ್ನು ಉಳಿಸಲು, ಕಲಾ ಗ್ಯಾಲರಿ ಹಾಗೂ ವಸ್ತುಸಂಗ್ರಹಾಲಯ ಸ್ಥಾಪಿಸಲು ಎಂದು ರಾಜ್ಯವು 1996ರ ಕಾಯ್ದೆಯ ಮೂಲಕ ಎಸ್ಟೇಟನ್ನು ವಶಪಡಿಸಿಕೊಂಡಿತು. ಭೂಮಿಯ ಒಂದು ಭಾಗ ಕೊಂಡಿದ್ದ ಖಾಸಗಿ ಸಂಸ್ಥೆ ಪ್ರಶ್ನಿಸಿತು. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಕಾಯ್ದೆಯನ್ನು ಎತ್ತಿಹಿಡಿಯಿತು. ಸಾರ್ವಜನಿಕ ಉದ್ದೇಶವಿಲ್ಲದೆ ಯಾರ ಆಸ್ತಿಯನ್ನೂ ಸರ್ಕಾರ ಕಸಿದುಕೊಳ್ಳುವಂತಿಲ್ಲ ಎಂಬ ಮಾತೂ ಆ ತೀರ್ಪಿನ ತಿರುಳಿನಲ್ಲಿದೆ. ಆ ಉದ್ದೇಶವನ್ನು ತೋರಿಸಿ ಪಡೆದ ನೆಲವನ್ನು ದಿನಬಾಡಿಗೆಗೆ ಬಿಡುವುದು ಕಾನೂನಿಗೆ ಹೇಗೆ ಒಪ್ಪಿತವಾದೀತೋ ತಿಳಿಯದು, ಮರ್ಯಾದೆಗಂತೂ ಒಪ್ಪಿತವಲ್ಲ.

ನಿರ್ವಹಣೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ನಿಜವಾದದ್ದೇ. ಸಮಾರಂಭವೆಲ್ಲ ಕೆಟ್ಟದ್ದೆಂದೂ ಇಲ್ಲ. ರಾಮನಗರ ಚನ್ನಪಟ್ಟಣಗಳ ನಡುವೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಉತ್ಸವ ನಡೆದರೆ ಅದು ಆ ಸ್ಥಳದ ಕೆಲಸವೇ ಆಗಿರುತ್ತದೆ. ಹೆದ್ದಾರಿಯ ಬದಿಯ ಆ ಜಾಗಕ್ಕೆ ಗದ್ದಲ ಹೊಸದೂ ಅಲ್ಲ. ತಾತಗುಣಿಯಲ್ಲಿ ಹಗಲು ಹೊತ್ತು ಚಿತ್ರಗಳನ್ನು ನೋಡಲು ಟಿಕೆಟ್ ಇರಲಿ, ಚಿತ್ರಕಲಾ ವಿದ್ಯಾರ್ಥಿಗಳು ಬಂದು ಹೋಗಲಿ. ಸೂರ್ಯಾಸ್ತಕ್ಕೆ ಗೇಟು ಮುಚ್ಚಲಿ. ಆನೆ ಬರುವ ದಾರಿಯ ಕಡೆ ಬೇಲಿಯೂ ಬೇಡ, ದೀಪವೂ ಬೇಡ.

ತೋಪಿನ ಕೆಲಸ ಮಾತ್ರ ತುರ್ತಿನದು. ಮುದಿ ಲಿನಾಲೋ ಮರಗಳು ತಾವಾಗಿ ಮರುಹುಟ್ಟುತ್ತವೆಂದು ಕಾಯುವಂತಿಲ್ಲ. ಕಾಯಿ ಕಟ್ಟಿರುವಾಗಲೇ ಹೆಣ್ಣು ಮರಗಳನ್ನು ಗುರುತಿಸಿ ಬಣ್ಣ ಬಳಿಯಬೇಕು, ಎಲೆ ಉದುರಿದ ಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅವುಗಳಿಂದ ತುಂಡು ತೆಗೆದು ಸಸಿಮಡಿ ಮಾಡಲು ತೋಟಗಾರಿಕೆ ಇಲಾಖೆಯ ಇಬ್ಬರು ಮಾಲಿಗಳು ಸಾಕು.